ರಿಪೋರ್ಟ್ ನಿಧಾನವಾಗಿದೆಯೇ? ಮೊದಲು ಪೇಜ್ ಎಣಿಸಿ

‘ರಿಪೋರ್ಟ್ ತಿರುಗ್ತಾನೇ ಇದೆ, ಬರ್ತಾನೇ ಇಲ್ಲ’ ಅಂತ ಟಿಕೆಟ್ ಬಿದ್ದ ಕೂಡಲೇ ಸಾಮಾನ್ಯವಾಗಿ ಆಗುವುದು ಇಷ್ಟೇ: ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ವೇರ್ ಭಾಗದಲ್ಲಿ, ಅಂದರೆ ಷರತ್ತುಗಳಿರುವಲ್ಲಿ, ಕಂಡ ಕಾಲಮ್‌ಗಳಿಗೆಲ್ಲ ತಲಾ ಒಂದು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಹಾಕಿ ಟಿಕೆಟ್ ಮುಚ್ಚುವುದು. ಎರಡು ವರ್ಷ ಹೀಗೇ ನಡೆದರೆ ಇನ್‌ವಾಯ್ಸ್ ಟೇಬಲ್ ಮೇಲೆ ಹದಿನೈದು ಇಂಡೆಕ್ಸ್ ಕೂತಿರುತ್ತವೆ. ರಿಪೋರ್ಟ್ ಇದ್ದ ಹಾಗೇ ಇರುತ್ತದೆ, ಬಿಲ್ ಸೇವ್ ಆಗುವುದೂ ನಿಧಾನವಾಗಿರುತ್ತದೆ.

ಡೇಟಾಬೇಸ್ ಡಿಸ್ಕ್‌ನಿಂದ ಸಾಲುಗಳನ್ನು ಒಂದೊಂದಾಗಿ ಎತ್ತುವುದಿಲ್ಲ, ಪೇಜ್ ಲೆಕ್ಕದಲ್ಲಿ ಎತ್ತುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಎರಡರಲ್ಲೂ ಒಂದು ಪೇಜ್ 8 ಕೆಬಿ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಎಂಜಿನ್ ಆದ ಇನ್ನೋಡಿಬಿಯಲ್ಲಿ ಡೀಫಾಲ್ಟ್ 16 ಕೆಬಿ. ಬೇಕಾದದ್ದು ಒಂದೇ ಸಾಲಾದರೂ ಇಡೀ ಪೇಜ್ ಮೆಮೊರಿಗೆ ಬರಬೇಕು. ಆದ್ದರಿಂದ ಯಾವ ಇಂಡೆಕ್ಸ್ ಚೆನ್ನ ಎಂಬ ಪ್ರಶ್ನೆಗೆ ಒಂದೇ ಅಳತೆಗೋಲು ಸಾಕು: ಅದು ಇದ್ದಾಗ ಎಷ್ಟು ಪೇಜ್ ಓದಬೇಕಾಗುತ್ತದೆ?

ಸೆಕೆಂಡುಗಳನ್ನು ನಂಬಬೇಡಿ. ಅದೇ ಕ್ವೆರಿಯನ್ನು ಎರಡನೇ ಸಲ ಓಡಿಸಿದರೆ ಪೇಜ್‌ಗಳೆಲ್ಲ ಆಗಲೇ ಮೆಮೊರಿಯಲ್ಲಿರುತ್ತವೆ, ಏನೂ ಬದಲಿಸದೆಯೇ ವೇಗ ಹೆಚ್ಚಿದಂತೆ ಕಾಣುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್‌ಗೆ (ಕ್ವೆರಿ ಓಡುವ ಹಂತಗಳನ್ನು, ಅಂದರೆ ಪ್ಲಾನನ್ನು, ತೋರಿಸುವ ಆದೇಶಕ್ಕೆ) ಅನಲೈಜ್, ಬಫರ್ಸ್ ಎರಡೂ ಆಯ್ಕೆ ಕೊಟ್ಟರೆ ಪ್ಲಾನ್‌ನ ಪ್ರತಿ ಹಂತದಲ್ಲೂ ಎಷ್ಟು ಪೇಜ್ ಎಂಬುದು ಬರುತ್ತದೆ. ‘ಹಿಟ್’ ಎಂದರೆ ಮೆಮೊರಿಯಲ್ಲೇ ಸಿಕ್ಕಿದ್ದು, ‘ರೀಡ್’ ಎಂದರೆ ಹೊರಗಿನಿಂದ ತಂದದ್ದು. ಎರಡನ್ನೂ ಕೂಡಿಸಿ ನೋಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಐಓ ಆನ್ ಮಾಡಿದರೆ ‘ಲಾಜಿಕಲ್ ರೀಡ್ಸ್’ ಇದೇ ಲೆಕ್ಕ ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 8.0.18ರಿಂದ ಎಕ್ಸ್‌ಪ್ಲೇನ್ ಅನಲೈಜ್ ಇದೆ, ಆದರೆ ಅದು ಹೇಳುವುದು ಸಾಲು ಮತ್ತು ಸಮಯ ಮಾತ್ರ. ಒಂದು ಎಚ್ಚರಿಕೆ: ಅನಲೈಜ್ ಎಂದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಅಪ್‌ಡೇಟ್, ಡಿಲೀಟ್ ಮೇಲೆ ಹಾಕುವುದಿದ್ದರೆ ಟ್ರಾನ್ಸಾಕ್ಷನ್ ಒಳಗೆ ಹಾಕಿ ರೋಲ್‌ಬ್ಯಾಕ್ ಮಾಡಿ, ಅಂದರೆ ಬದಲಾವಣೆಯನ್ನು ರದ್ದುಮಾಡಿ.

ಈಗ ಒಂದು ಲೆಕ್ಕ ಹಾಕೋಣ, ಪೋಸ್ಟ್‌ಗ್ರೆಸ್ 17 ಇಟ್ಟುಕೊಂಡೇ. ಇನ್‌ವಾಯ್ಸ್ ಟೇಬಲ್‌ನಲ್ಲಿ 1.2 ಕೋಟಿ ಸಾಲು, 40 ಕಂಪನಿ, 5 ವರ್ಷದ ಡೇಟಾ. ಅಲ್ಲಿಗೆ ತಿಂಗಳಿಗೆ 2 ಲಕ್ಷ ಸಾಲು, ಒಂದು ಕಂಪನಿಗೆ ತಿಂಗಳಿಗೆ 5,000. ಸಾಲೊಂದು ಸುಮಾರು 130 ಬೈಟ್ ಇದ್ದರೆ ಒಂದು ಪೇಜ್‌ಗೆ 60 ಹಿಡಿಯುತ್ತವೆ. ಇಡೀ ಟೇಬಲ್ 2 ಲಕ್ಷ ಪೇಜ್, ಅಂದರೆ ಸುಮಾರು 1.6 ಜಿಬಿ. ರಿಪೋರ್ಟ್ ಕೇಳುವುದು 7ನೇ ಕಂಪನಿಗೆ ಮಾರ್ಚ್ ತಿಂಗಳಲ್ಲಿ ಪಾರ್ಟಿವಾರು ಒಟ್ಟು ಮೊತ್ತ ಎಷ್ಟು ಎಂದು.

ಇಂಡೆಕ್ಸ್ ಇಲ್ಲದಿದ್ದರೆ 2 ಲಕ್ಷ ಪೇಜ್ ಪೂರಾ ಓದಬೇಕು.

ದಿನಾಂಕಕ್ಕೆ ಮಾತ್ರ ಇಂಡೆಕ್ಸ್ ಇದ್ದರೆ ಮಾರ್ಚ್‌ನ 2 ಲಕ್ಷ ಸಾಲನ್ನೂ ಟೇಬಲ್‌ನಿಂದ ತರಬೇಕು, ಅಂದರೆ 3,300 ಪೇಜ್. ಪ್ಲಾನ್‌ನಲ್ಲಿ ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಎದುರು 1,95,000 ಎಂದು ಇರುತ್ತದೆ. ತಂದು ಎಸೆದ ಸಾಲುಗಳ ಸಂಖ್ಯೆ ಅದು. ಇಂಥ ಸಂಖ್ಯೆ ಕಂಡರೆ ಇಂಡೆಕ್ಸ್‌ನಲ್ಲಿ ಒಂದು ಕಾಲಮ್ ಕಡಿಮೆ ಇದೆ ಎಂದೇ ಅರ್ಥ.

ದಿನಾಂಕ, ಕಂಪನಿ ಈ ಕ್ರಮದಲ್ಲಿ ಇಂಡೆಕ್ಸ್ ಮಾಡಿದರೆ? ಇಂಡೆಕ್ಸ್‌ನ ಒಂದು ಎಂಟ್ರಿಗೆ ಸುಮಾರು 20 ಬೈಟ್. ಪೇಜ್ 90% ತುಂಬುತ್ತದೆ ಎಂದುಕೊಂಡರೆ ಒಂದರಲ್ಲಿ 365 ಎಂಟ್ರಿ. ಮಾರ್ಚ್‌ನ ಎಲ್ಲ ಕಂಪನಿಗಳ 2 ಲಕ್ಷ ಎಂಟ್ರಿ ದಾಟಬೇಕು, ಹಾಗಾಗಿ 548 ಪೇಜ್. ಕಂಪನಿ ಮೊದಲು, ದಿನಾಂಕ ಆಮೇಲೆ ಎಂದು ಮಾಡಿದರೆ ನಮಗೆ ಬೇಕಾದ 5,000 ಎಂಟ್ರಿ ಒಂದರ ಪಕ್ಕ ಒಂದು ಕೂತಿರುತ್ತವೆ: 14 ಪೇಜ್. ‘ಸಮ’ ಎಂದು ಹೋಲಿಸುವ ಕಾಲಮ್ ಮೊದಲು, ಶ್ರೇಣಿಯಲ್ಲಿ ಹೋಲಿಸುವುದು ಕೊನೆಗೆ ಎಂಬ ನಿಯಮ ಬಂದದ್ದು ಇಲ್ಲಿಂದ. ‘ಹೆಚ್ಚು ಬೇರೆ ಬೇರೆ ಮೌಲ್ಯ ಇರುವ ಕಾಲಮ್ ಮೊದಲು’ ಎಂಬ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಅದನ್ನು ನಂಬಿದರೆ ಈ ಉದಾಹರಣೆಯಲ್ಲಿ ದಿನಾಂಕವೇ ಮುಂದೆ ಬರುತ್ತದೆ, ಲೆಕ್ಕ ಕೆಡುತ್ತದೆ.

ಇಷ್ಟಕ್ಕೇ ಖುಷಿಪಟ್ಟು ನಿಲ್ಲಿಸುವವರೇ ಹೆಚ್ಚು. ಆದರೆ ಎರಡೂ ಕ್ರಮಗಳಲ್ಲಿ ಇನ್ನೊಂದು ಖರ್ಚು ಹಾಗೇ ಉಳಿದಿದೆ. ಮೊತ್ತ, ಪಾರ್ಟಿ ಈ ಎರಡು ಕಾಲಮ್ ಇಂಡೆಕ್ಸ್‌ನಲ್ಲಿ ಇಲ್ಲ, ಅವುಗಳಿಗಾಗಿ ಟೇಬಲ್‌ಗೆ ಹೋಗಲೇಬೇಕು. ಬಿಲ್‌ಗಳು ಹುಟ್ಟಿದ ಕ್ರಮದಲ್ಲಿ ಟೇಬಲ್ ಪೇಜ್ ತುಂಬುವುದರಿಂದ ಒಂದು ಪೇಜ್‌ನ 60 ಸಾಲಿನಲ್ಲಿ ನಮ್ಮ ಕಂಪನಿಯದು ಒಂದೋ ಎರಡೋ. 5,000 ಸಾಲಿಗೆ ಮಾರ್ಚ್‌ನ 3,300 ಪೇಜ್‌ಗಳಲ್ಲಿ ಸುಮಾರು 2,550 ಮುಟ್ಟಬೇಕಾಗುತ್ತದೆ. ಒಟ್ಟು ಹಿಡಿದರೆ ಒಂದು ಕ್ರಮದಲ್ಲಿ 3,100, ಇನ್ನೊಂದರಲ್ಲಿ 2,560. ಕ್ರಮ ಸರಿಮಾಡಿದ್ದಕ್ಕೆ ಸಿಕ್ಕಿದ್ದು ಆರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು, ಅಷ್ಟೇ.

ದೊಡ್ಡ ಲಾಭ ಇರುವುದು ಟೇಬಲ್‌ಗೆ ಹೋಗುವುದನ್ನೇ ತಪ್ಪಿಸುವುದರಲ್ಲಿ. ಇಂಡೆಕ್ಸ್‌ನ ಕ್ರಮ ನಿರ್ಧರಿಸುವ ಕೀಯಲ್ಲಿ ಕಂಪನಿ, ದಿನಾಂಕ. ಇನ್‌ಕ್ಲೂಡ್‌ನಲ್ಲಿ (ಹುಡುಕಲು ಅಲ್ಲ, ಜೊತೆಗೆ ಇಟ್ಟುಕೊಳ್ಳಲು ಮಾತ್ರ) ಪಾರ್ಟಿ, ಮೊತ್ತ. ಎಂಟ್ರಿ 36 ಬೈಟ್‌ಗೆ ಬೆಳೆಯುತ್ತದೆ, ಪೇಜ್‌ಗೆ 200 ಎಂಟ್ರಿ, 5,000ಕ್ಕೆ 25 ಪೇಜ್. ಮೇಲಿನ ಹಂತದ ಪೇಜ್‌ಗಳನ್ನು ಸೇರಿಸಿದರೂ 30 ದಾಟುವುದಿಲ್ಲ. 2,560ರಿಂದ 30ಕ್ಕೆ! ಇನ್‌ಕ್ಲೂಡ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ, ಪೋಸ್ಟ್‌ಗ್ರೆಸ್‌ನಲ್ಲಿ 11ರಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ, ಅಲ್ಲಿ ಆ ಕಾಲಮ್‌ಗಳನ್ನು ಕೀಯ ಬಾಲಕ್ಕೇ ಸೇರಿಸಬೇಕು. ಇನ್ನೋಡಿಬಿಯಲ್ಲಿ ಬೇರೆ ದಾರಿಯೂ ಇದೆ: ಟೇಬಲ್ ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ ಕೀ) ಕ್ರಮದಲ್ಲೇ ಜೋಡಣೆಯಾಗುವುದರಿಂದ ಕೀಯ ಮೊದಲ ಕಾಲಮ್ ಕಂಪನಿ ಆಗಿದ್ದರೆ ಒಂದು ಕಂಪನಿಯ ಸಾಲುಗಳು ಒಟ್ಟಿಗಿರುತ್ತವೆ. ಆದರೆ ಇದು ಟೇಬಲ್ ವಿನ್ಯಾಸ ಮಾಡುವಾಗಲೇ ಹೊಳೆಯಬೇಕಾದ ವಿಷಯ, ಆಮೇಲೆ ಬದಲಿಸುವುದು ಕಷ್ಟ.

ಪೋಸ್ಟ್‌ಗ್ರೆಸ್‌ನಲ್ಲಿ ಇದರ ಬೆನ್ನಿಗೇ ಒಂದು ಹೊಂಡ ಇದೆ. ಸಾಲು ಎಲ್ಲರಿಗೂ ಕಾಣುವಂಥದ್ದೇ ಎಂಬ ಗುರುತು ಇಂಡೆಕ್ಸ್‌ನಲ್ಲಿ ಇರುವುದಿಲ್ಲ, ವಿಸಿಬಿಲಿಟಿ ಮ್ಯಾಪ್‌ನಲ್ಲಿ ಇರುತ್ತದೆ. ಆ ಮ್ಯಾಪ್ ತುಂಬುವುದು ವ್ಯಾಕ್ಯೂಮ್ ಎಂಬ ಸ್ವಚ್ಛತಾ ಕೆಲಸ. ಅದು ಓಡಿಲ್ಲದಿದ್ದರೆ ‘ಇಂಡೆಕ್ಸ್ ಓನ್ಲಿ ಸ್ಕ್ಯಾನ್’ ಎಂದು ಪ್ಲಾನ್ ಬಂದರೂ ಕೆಳಗೆ ‘ಹೀಪ್ ಫೆಚಸ್: 5000’ ಎಂದು ಇರುತ್ತದೆ, ಅಂದರೆ ಟೇಬಲ್‌ಗೆ ಹೋಗಿಯೇ ಬಂದಿದೆ. ಹೊಸ ಸಾಲುಗಳ ಲೆಕ್ಕದ ಮೇಲೂ ಆಟೋವ್ಯಾಕ್ಯೂಮ್ ಏಳುವುದು ಆವೃತ್ತಿ 13ರಿಂದ ಶುರುವಾಯಿತು. 17ರವರೆಗೆ ಅದರ ಡೀಫಾಲ್ಟ್ ಮಿತಿ ಟೇಬಲ್‌ನ 20% ಜೊತೆಗೆ 1,000 ಸಾಲು. ನಮ್ಮ ಟೇಬಲ್‌ಗೆ ಅದು 24 ಲಕ್ಷ ಹೊಸ ಸಾಲು, ಅಂದರೆ ಒಂದು ವರ್ಷದ ಬಿಲ್! ಅಪ್‌ಡೇಟ್ ಕಡಿಮೆ ಇದ್ದರೆ ಹಳೆಯ ತಿಂಗಳ ರಿಪೋರ್ಟ್ ಮಿಂಚಿನಂತೆ ಬಂದು, ಎಲ್ಲರೂ ತೆಗೆಯುವ ಈ ತಿಂಗಳ ರಿಪೋರ್ಟ್ ತೆವಳುವುದು ಇದಕ್ಕೇ. ಆ ಟೇಬಲ್‌ಗೆ ಮಾತ್ರ ಇನ್ಸರ್ಟ್ ಸ್ಕೇಲ್ ಫ್ಯಾಕ್ಟರ್ (ಆ 20% ಇರುವ ಸೆಟ್ಟಿಂಗ್) 0.01ಕ್ಕೆ ಇಳಿಸಿ, ಅಥವಾ ರಾತ್ರಿ ಜಾಬ್‌ನಲ್ಲಿ ವ್ಯಾಕ್ಯೂಮ್ ಓಡಿಸಿ.

ಇನ್‌ಕ್ಲೂಡ್ ಸಿಕ್ಕಿತೆಂದು ಹತ್ತು ಕಾಲಮ್ ತುರುಕಬೇಡಿ. ಮುಖ್ಯವಾಗಿ ಬಾಕಿ ಮೊತ್ತ, ಕೊನೆಯ ಬದಲಾವಣೆ ಸಮಯ ಇಂಥ ದಿನವೂ ಬದಲಾಗುವ ಕಾಲಮ್ ಬೇಡವೇ ಬೇಡ. ಯಾವ ಇಂಡೆಕ್ಸ್‌ನಲ್ಲೂ ಇಲ್ಲದ ಕಾಲಮ್ ಬದಲಾದಾಗ, ಅದೇ ಪೇಜ್‌ನಲ್ಲಿ ಜಾಗವಿದ್ದರೆ, ಪೋಸ್ಟ್‌ಗ್ರೆಸ್ ಇಂಡೆಕ್ಸ್‌ಗಳನ್ನು ಮುಟ್ಟದೆ ಕೆಲಸ ಮುಗಿಸುತ್ತದೆ. ಇನ್‌ಕ್ಲೂಡ್‌ನಲ್ಲಿದ್ದರೂ ಆ ರಿಯಾಯಿತಿ ಹೋಗುತ್ತದೆ, ಪ್ರತಿ ಪಾವತಿಗೂ ಆ ಟೇಬಲ್‌ನ ಎಲ್ಲ ಇಂಡೆಕ್ಸ್‌ಗೂ ಹೊಸ ಎಂಟ್ರಿ ಬೀಳುತ್ತದೆ.

ಇಂಡೆಕ್ಸ್ ಸರಿಯಿದ್ದೂ ಕ್ವೆರಿ ಅದನ್ನು ಮುಟ್ಟದಿದ್ದರೆ ತಪ್ಪು ಕ್ವೆರಿಯಲ್ಲೇ ಇರುತ್ತದೆ. ಕಾಲಮ್‌ಗೆ ಫಂಕ್ಷನ್ ಸುತ್ತಿರುವುದು ಮೊದಲ ಕಾರಣ: ದಿನಾಂಕದಿಂದ ವರ್ಷ ತೆಗೆದು 2024ಕ್ಕೆ ಹೋಲಿಸಿದರೆ ದಿನಾಂಕದ ಕ್ರಮದಲ್ಲಿರುವ ಇಂಡೆಕ್ಸ್‌ನಲ್ಲಿ ಎಲ್ಲಿಗೆ ಇಳಿಯಬೇಕೆಂದು ಡೇಟಾಬೇಸ್‌ಗೆ ತಿಳಿಯುವುದಿಲ್ಲ. 2024ರ ಜನವರಿ 1 ಅಥವಾ ಅದರ ನಂತರ, 2025ರ ಜನವರಿ 1ಕ್ಕಿಂತ ಮುಂಚೆ ಎಂದು ಬರೆಯಿರಿ. ಬಿಟ್ವೀನ್ ಹಾಕಿ ಡಿಸೆಂಬರ್ 31 ಎಂದು ಕೊನೆ ಕೊಟ್ಟರೆ, ಸಮಯವೂ ಇರುವ ಕಾಲಮ್‌ನಲ್ಲಿ ಕೊನೆಯ ದಿನದ ವ್ಯವಹಾರವೇ ಬಿಟ್ಟುಹೋಗುತ್ತದೆ. ಆಗ ಬರುವ ದೂರು ವೇಗದ್ದಲ್ಲ, ಟೋಟಲ್ ತಪ್ಪೆಂದು. ಎರಡನೆಯದು ಟೈಪ್ ಹೊಂದದಿರುವುದು. ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರದ ಕಾಲಮ್‌ನಲ್ಲಿಟ್ಟ ಬಿಲ್ ನಂಬರನ್ನು ಕೋಟ್ ಇಲ್ಲದ ಅಂಕಿಗೆ ಹೋಲಿಸಿದರೆ ಇಂಡೆಕ್ಸ್ ಬದಿಗೆ ಸರಿಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಜಾವಾ ಡ್ರೈವರ್ ಡೀಫಾಲ್ಟ್ ಆಗಿ ಸ್ಟ್ರಿಂಗ್‌ಗಳನ್ನು ಯೂನಿಕೋಡ್ ಆಗಿ ಕಳಿಸುತ್ತದೆ. ಕಾಲಮ್ ವಾರ್‌ಚಾರ್ ಆಗಿದ್ದರೆ ಪ್ಲಾನ್‌ನಲ್ಲಿ ‘ಕನ್ವರ್ಟ್ ಇಂಪ್ಲಿಸಿಟ್’ (ತಾನಾಗಿಯೇ ಆದ ಟೈಪ್ ಪರಿವರ್ತನೆ) ಕಾಣುತ್ತದೆ. ಕ್ವೆರಿಯನ್ನು ಟೂಲ್‌ನಲ್ಲಿ ಓಡಿಸಿದರೆ ವೇಗ, ಅಪ್ಲಿಕೇಶನ್‌ನಿಂದ ನಿಧಾನ ಎಂಬ ಒಗಟಿಗೆ ಎಷ್ಟೋ ಸಲ ಇದೇ ಉತ್ತರ.

ಬಾಕಿ ಇರುವ ಬಿಲ್ ಮಾತ್ರ ತೋರಿಸುವ ರಿಪೋರ್ಟ್‌ಗೆ, ಬಾಕಿ ಉಳಿದಿರುವುದು ನೂರಕ್ಕೆ ಮೂರೋ ನಾಲ್ಕೋ ಆಗಿದ್ದರೆ, ಪಾರ್ಷಿಯಲ್ ಇಂಡೆಕ್ಸ್ ಹೇಳಿಮಾಡಿಸಿದಂತಿರುತ್ತದೆ: ಸ್ಟೇಟಸ್ ‘ಬಾಕಿ’ ಇರುವ ಸಾಲು ಮಾತ್ರ ಇಂಡೆಕ್ಸ್‌ನಲ್ಲಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದರ ಹೆಸರು ಫಿಲ್ಟರ್ಡ್ ಇಂಡೆಕ್ಸ್. ಆದರೆ ಸ್ಟೇಟಸ್ ಮೌಲ್ಯವನ್ನು ಪ್ಯಾರಾಮೀಟರ್ ಆಗಿ, ಅಂದರೆ ಕ್ವೆರಿಯಿಂದ ಬೇರೆಯಾಗಿ, ಕಳಿಸಿದರೆ, ಮತ್ತೆ ಮತ್ತೆ ಬಳಸುವ ಪ್ಲಾನ್‌ಗೆ ಆ ಇಂಡೆಕ್ಸ್ ಸಾಕೆಂದು ಹೇಳಲು ಆಧಾರವೇ ಇರುವುದಿಲ್ಲ, ಕೈಬಿಡುತ್ತದೆ. ಈ ಒಂದು ಮೌಲ್ಯವನ್ನು ಕ್ವೆರಿಯಲ್ಲೇ ನೇರ ಬರೆಯಿರಿ.

‘ಈ ಪಾರ್ಟಿಯ ಕೊನೆಯ 50 ಬಿಲ್’ ಎಂಬ ಸ್ಕ್ರೀನ್ ಇನ್ನೊಂದು ರೀತಿ ಕಾಡುತ್ತದೆ. ದಿನಾಂಕದ ಇಂಡೆಕ್ಸನ್ನು ಹಿಂದಿನಿಂದ ಓದುತ್ತ ಹೋದರೆ ಬೇಗ 50 ಸಿಗಬಹುದು ಎಂದು ಪ್ಲಾನ್ ಆರಿಸುವ ಆಪ್ಟಿಮೈಜರ್ ಊಹಿಸುತ್ತದೆ. ದಿನವೂ ವ್ಯವಹಾರ ಇರುವ ಪಾರ್ಟಿಗೆ ಊಹೆ ಸರಿ. ಎರಡು ವರ್ಷದ ಹಿಂದೆ ವ್ಯವಹಾರ ನಿಲ್ಲಿಸಿದ ಪಾರ್ಟಿಗೆ 48 ಲಕ್ಷ ಸಾಲು ದಾಟಿದ ಮೇಲೆಯೇ ಮೊದಲ ಬಿಲ್. ಕಂಪನಿ, ಪಾರ್ಟಿ, ದಿನಾಂಕ ಈ ಕ್ರಮದ ಒಂದು ಇಂಡೆಕ್ಸ್ ಹಾಕಿದರೆ ಹುಡುಕುವುದು, ಸಾರ್ಟ್ ಎರಡೂ ಅದರಲ್ಲೇ ಮುಗಿಯುತ್ತವೆ.

ವರ್ಷಪೂರ್ತಿ, ಎಲ್ಲ ಕಂಪನಿ ಎಂದು ಕೇಳುವ ರಿಪೋರ್ಟ್‌ಗೆ ಮೂಲ ಟೇಬಲ್ ಮೇಲಿನ ಇಂಡೆಕ್ಸ್ ತರುವ ಲಾಭ ಅಷ್ಟಕ್ಕಷ್ಟೇ. 24 ಲಕ್ಷ ಸಾಲು ಕೂಡಿಸಬೇಕೆಂದರೆ ಓದಲೇಬೇಕು. ದಿನ, ಕಂಪನಿವಾರು ಒಂದು ಸಾರಾಂಶ ಟೇಬಲ್ ಇಟ್ಟರೆ ವರ್ಷಕ್ಕೆ 14,600 ಸಾಲು. ಅದನ್ನು ಬಿಟ್ಟು ಇಂಡೆಕ್ಸ್ ಮೇಲೆ ಇಂಡೆಕ್ಸ್ ಪ್ರಯೋಗಿಸುವುದು ಸಮಯ ದಂಡ.

ಹೊಸ ಇಂಡೆಕ್ಸ್ ಪ್ರೊಡಕ್ಷನ್‌ಗೆ ಹಾಕುವಾಗ ಪೋಸ್ಟ್‌ಗ್ರೆಸ್‌ನಲ್ಲಿ ಕನ್‌ಕರೆಂಟ್ಲಿ ಎಂಬ ಆಯ್ಕೆ ಮರೆಯಬೇಡಿ, ಇಲ್ಲದಿದ್ದರೆ ಇಂಡೆಕ್ಸ್ ಮುಗಿಯುವವರೆಗೆ ಬಿಲ್ ಸೇವ್ ಆಗದೆ ನಿಲ್ಲುತ್ತದೆ. ಕನ್‌ಕರೆಂಟ್ಲಿ ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲ, ಆದ್ದರಿಂದ ಡೇಟಾಬೇಸ್ ಬದಲಾವಣೆ ಹಾಕುವ ಮೈಗ್ರೇಷನ್ ಟೂಲ್‌ನಲ್ಲಿ ಆ ಹೆಜ್ಜೆಗೆ ಟ್ರಾನ್ಸಾಕ್ಷನ್ ಆಫ್ ಮಾಡಬೇಕು. ಮಧ್ಯೆ ಮುರಿದುಬಿದ್ದರೆ ‘ಇನ್‌ವ್ಯಾಲಿಡ್’ ಇಂಡೆಕ್ಸ್ ಒಂದು ಉಳಿದುಕೊಳ್ಳುತ್ತದೆ: ಯಾವ ಕ್ವೆರಿಗೂ ಒದಗುವುದಿಲ್ಲ, ಆದರೂ ಪ್ರತಿ ಇನ್ಸರ್ಟ್‌ನಲ್ಲೂ ತನ್ನ ಪಾಲು ಕೇಳುತ್ತದೆ. ಅದನ್ನು ಡ್ರಾಪ್ ಮಾಡಿ ಮತ್ತೆ ಶುರುಮಾಡಿ.

ಹಳೆಯವನ್ನು ತೆಗೆಯುವುದೂ ಇದೇ ಕೆಲಸದ ಭಾಗ. ಕಂಪನಿ, ದಿನಾಂಕ ಇಂಡೆಕ್ಸ್ ಬಂದ ಮೇಲೆ ಕಂಪನಿ ಒಂದಕ್ಕೇ ಇರುವ ಇಂಡೆಕ್ಸ್ ಬಹುಮಟ್ಟಿಗೆ ದಂಡ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಎಂಬ ಕೌಂಟರ್ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಇದೆ, ಆದರೆ ಸರ್ವರ್ ರೀಸ್ಟಾರ್ಟ್ ಆದರೆ ಸೊನ್ನೆಯಿಂದ ಶುರು. ವರ್ಷಕ್ಕೊಮ್ಮೆ ಓಡುವ ಲೆಕ್ಕಪತ್ರದ ರಿಪೋರ್ಟ್ ಇರುತ್ತದೆ, ಅದನ್ನು ಮನಸ್ಸಿನಲ್ಲಿಟ್ಟು ನೋಡಿ. ಮೈಎಸ್‌ಕ್ಯೂಎಲ್ 8.0ರಲ್ಲಿ ಡ್ರಾಪ್ ಮಾಡುವ ಮುಂಚೆ ಇಂಡೆಕ್ಸನ್ನು ಇನ್‌ವಿಸಿಬಲ್ ಮಾಡಿ ಕೆಲವು ವಾರ ಕಾಯಬಹುದು. ಯಾರಾದರೂ ಕೂಗಿದರೆ ಕ್ಷಣದಲ್ಲಿ ವಾಪಸ್. ರಿಪೋರ್ಟ್‌ಗಳು ರೆಪ್ಲಿಕಾ (ಮುಖ್ಯ ಸರ್ವರ್‌ನ ನಕಲು) ಮೇಲೆ ಓಡುತ್ತಿದ್ದರೆ ಕೌಂಟರನ್ನೂ ಅಲ್ಲಿಯೇ ನೋಡಬೇಕು. ಮುಖ್ಯ ಸರ್ವರ್‌ನಲ್ಲಿ ಸೊನ್ನೆ ಕಂಡಿತೆಂದು ಡ್ರಾಪ್ ಮಾಡಿದರೆ ರೆಪ್ಲಿಕಾದಲ್ಲೂ ಅದು ಮಾಯ, ಮರುದಿನ ಬೆಳಿಗ್ಗೆ ಮತ್ತದೇ ಟಿಕೆಟ್.