ರಿಪೇರಿಯ ನಂತರ ಕಪ್ಪಾದ ಪರದೆ

ಸಡಿಲವಾಗಿದ್ದ ಹಿಂಜ್ (ಮುಚ್ಚಳದ ಕೀಲು) ಸರಿಪಡಿಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದಕ್ಕೆ ಕೊಟ್ಟಿದ್ದ ನನ್ನ ಲ್ಯಾಪ್‌ಟಾಪ್‌ನ ಪರದೆ, ಮನೆಗೆ ತಂದ ಸಂಜೆಯೇ ಕಪ್ಪಾಯಿತು. ಫ್ಯಾನ್ ಮಾತ್ರ ತಿರುಗುತ್ತಿತ್ತು. ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಜೋಡಿಸಿದಾಗ ಚಿತ್ರ ಸ್ಪಷ್ಟವಾಗಿ ಮೂಡಿತು; ದೋಷ ಪರದೆಯ ಕಡೆಗಷ್ಟೇ ಇರಬೇಕೆಂದು ಅರ್ಧ ಜೀವ ಬಂದಂತಾಯಿತು. ಬಳಿಕ ಕೋಣೆಯ ದೀಪ ಆರಿಸಿ, ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ: ಮಸುಕಾದ ಚಿತ್ರ ಕಂಡಿದ್ದರೆ ಬ್ಯಾಕ್‌ಲೈಟ್ (ಪರದೆಯನ್ನು ಹಿಂದಿನಿಂದ ಬೆಳಗಿಸುವ ದೀಪ) ಮಾತ್ರ ಕೆಟ್ಟಿದೆಯೆಂದು ತಿಳಿಯಬಹುದಿತ್ತು, ಆದರೆ ಏನೂ ಕಾಣಲಿಲ್ಲ. ಮುಚ್ಚಳವನ್ನು ಅರ್ಧ ಬಾಗಿಸಿದಾಗ ಪರದೆ ಒಮ್ಮೆ ಮಿನುಗಿದ್ದರಿಂದ, ಹಿಂಜ್‌ನ ಪಕ್ಕದಲ್ಲೇ ಹಾಯ್ದು ಮದರ್‌ಬೋರ್ಡ್‌ನಿಂದ ಪರದೆಗೆ ಚಿತ್ರ ಒಯ್ಯುವ ಡಿಸ್‌ಪ್ಲೇ ಕೇಬಲ್‌ನ ಮೇಲೆ ಅನುಮಾನ ಬಂತು. ತಳಭಾಗವನ್ನು ತೆರೆದು ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿದೆ (ವಿದ್ಯುತ್ ಇರುವಾಗಲೇ ಈ ಕೇಬಲ್ ಕಿತ್ತರೆ ಬ್ಯಾಕ್‌ಲೈಟ್‌ನ ಫ್ಯೂಸ್ ಸುಡಬಹುದು). ಆ ಕೇಬಲ್‌ನ 30 ಪಿನ್‌ಗಳ ಕನೆಕ್ಟರ್ ಮದರ್‌ಬೋರ್ಡ್‌ನಲ್ಲಿ ಸೊಟ್ಟಗೆ ಕುಳಿತಿತ್ತು. ಬಿಡಿಸಿ, ನೇರವಾಗಿ ಒತ್ತಿ ಕೂರಿಸಿದೆ, ಪರದೆ ಬೆಳಗಿತು.