ದಾಸ್ತಾನು ವಹಿಯಲ್ಲಿ ಮೂರೇ ಪುಸ್ತಕ ಕಡಿಮೆ

ಬೆಂಗಳೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ಎರಡು ವರ್ಷದ ಹಿಂದೆ ನಿವೃತ್ತಳಾದೆ. ಚಾರ್ಜ್ ಒಪ್ಪಿಸುವ ದಿನ ಬಿಸಿಯೂಟದ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಗ್ರಂಥಾಲಯದ ದಾಸ್ತಾನು. ವಹಿಯಲ್ಲಿ 1,140 ಪುಸ್ತಕಗಳು, ಎಣಿಸಿದಾಗ 1,137. ಮೂರರ ಬೆಲೆಯನ್ನು ನಾನೇ ಕಟ್ಟಿದೆ. ಕಟ್ಟಿದ್ದಕ್ಕೆ ಬೇಸರವಿಲ್ಲ. ಅಷ್ಟು ವರ್ಷಗಳಲ್ಲಿ ಬರೀ ಮೂರು ಕಳೆದಿವೆಯಲ್ಲ, ಅದು ಕೊರೆಯುತ್ತದೆ. ಮಕ್ಕಳ ಕೈ ಸೇರಿದ ಪುಸ್ತಕ ಹರಿಯುತ್ತದೆ, ನೆನೆಯುತ್ತದೆ, ಕಳೆದೂ ಹೋಗುತ್ತದೆ. ನಮ್ಮವಕ್ಕೆ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಅಂಟಿರಲಿಲ್ಲ.

ಮೊದಲು ಹೀಗಿರಲಿಲ್ಲ. ಮೆಟ್ಟಿಲ ಪಕ್ಕದ ಕೊಠಡಿಯಲ್ಲಿ ಚಾಪೆ ಹಾಸಿ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಕಥೆ ಪುಸ್ತಕಗಳನ್ನು ನೇತುಹಾಕುತ್ತಿದ್ದೆವು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು, ನಮ್ಮದೂ ಅದರಲ್ಲಿತ್ತು. ದಾಖಲಾತಿ ಏರಿತು, ಅದು ಸಂತೋಷವೇ. ಕೊಠಡಿ ಮಾತ್ರ ಹೆಚ್ಚಲಿಲ್ಲ. ಚಾಪೆ ಸುತ್ತಿಟ್ಟೆವು. ಪುಸ್ತಕಗಳು ಮುಖ್ಯ ಶಿಕ್ಷಕರ ಕೊಠಡಿಯ ಎರಡು ಕಬ್ಬಿಣದ ಬೀರುಗಳನ್ನು ಸೇರಿದವು. ಬೈಸಿಕೊಳ್ಳುವುದಕ್ಕಲ್ಲದೆ ಯಾವ ಮಗುವೂ ಕಾಲಿಡದ ಕೊಠಡಿ ಅದು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಪತ್ರಿಕೆ, ಕಥೆ ಪುಸ್ತಕಗಳಿರುವ ಗ್ರಂಥಾಲಯ ಬೇಕೆನ್ನುತ್ತದೆ. ‘ಸಮಗ್ರ ಶಿಕ್ಷಣ’ ಎಂಬ ಸರ್ಕಾರಿ ಯೋಜನೆಯಲ್ಲಿ ಒಂದರಿಂದ ಎಂಟನೇ ತರಗತಿವರೆಗಿನ ಶಾಲೆಗೆ ವರ್ಷಕ್ಕೆ 13,000 ರೂಪಾಯಿವರೆಗೂ ಪುಸ್ತಕಕ್ಕೆ ಅನುದಾನವಿದೆ. (ಆಸ್ತಿ ತೆರಿಗೆಯ ಜೊತೆ ನಾವು ನೂರಕ್ಕೆ ಆರರಂತೆ ಕಟ್ಟುವ ಗ್ರಂಥಾಲಯ ಕರ ಸಾರ್ವಜನಿಕ ಗ್ರಂಥಾಲಯಗಳದ್ದು, ಶಾಲೆಗೆ ಬರುವುದಿಲ್ಲ.) ಪುಸ್ತಕಗಳಂತೂ ಬರುತ್ತವೆ. ಅವನ್ನು ನೋಡಿಕೊಳ್ಳಲು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಪಾಠ, ಗಣತಿ, ಚುನಾವಣೆ ಕೆಲಸಗಳ ನಡುವೆ ಬೀಗದ ಕೈ ಒಬ್ಬ ಶಿಕ್ಷಕಿಯ ಚೀಲದಲ್ಲಿ ಇರುತ್ತದೆ. ಕಳೆದರೆ ಆಕೆಯೇ ಹೊಣೆ. ಆ ಭಯವೇ ನಿಜವಾದ ಬೀಗ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳು ಗ್ರಂಥಾಲಯದಿಂದ ಓದಿಗೆ ಹೋದ ಸಾವಿರ ಪುಸ್ತಕಗಳಲ್ಲಿ ಐದು ಕಳೆದರೆ ಅದು ಸಹಜವೆಂದು ಒಪ್ಪುತ್ತವೆ. ಇದು ನನಗೆ ತಿಳಿದದ್ದು ನಿವೃತ್ತಿಯ ನಂತರ. ನನ್ನ ಸೇವೆಯಲ್ಲಿ ಒಬ್ಬ ಅಧಿಕಾರಿಯಾದರೂ ‘ಕಳೆದರೆ ಕಳೆಯಲಿ, ಕೊಡಿ ಮೇಡಂ’ ಎಂದಿದ್ದರೆ ಕೊಟ್ಟುಬಿಡುತ್ತಿದ್ದೆ.

ಯಾದಗಿರಿಯಿಂದ ಬಂದ ಹುಡುಗನೊಬ್ಬ ಆರನೇ ತರಗತಿಯಲ್ಲಿದ್ದ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು, ವಾಸ ತಗಡಿನ ಶೆಡ್‌ನಲ್ಲಿ. ಶನಿವಾರ ನಾನು ಬೀರು ತೆರೆದಾಗ ಬಾಗಿಲಿಗೆ ಒರಗಿ ನಿಂತೇ, ಸಾಲಿನ ಕೆಳಗೆ ಬೆರಳು ಜಾರಿಸುತ್ತ ಓದುತ್ತಿದ್ದ. ಒಮ್ಮೆ ‘ಟೀಚರ್, ಇದನ್ನು ಮನೆಗೆ ಒಯ್ಯಲೇ? ಸೋಮವಾರ ತರುತ್ತೇನೆ’ ಎಂದು ಕೇಳಿದ. ಶೆಡ್‌ನವರು ಯಾವಾಗ ಊರು ಬಿಡುತ್ತಾರೋ ಎಂದು ನಾನು ಕೊಡಲಿಲ್ಲ. ‘ಇಲ್ಲೇ ಓದಪ್ಪ’ ಎಂದೆ. ದಸರಾ ರಜೆಯ ನಂತರ ಅವನು ಬರಲಿಲ್ಲ.

ಚಾರ್ಜ್ ಕೊಡುವಾಗ ವಿತರಣಾ ವಹಿಯನ್ನೂ ತೆರೆದೆ. 2019ರವರೆಗಿನ ಪುಟಗಳಲ್ಲಿ ಮಕ್ಕಳ ಸೊಟ್ಟ ಸಹಿಗಳು, ಎಣ್ಣೆ ಕಲೆ, ತಪ್ಪಿದ ಒತ್ತಕ್ಷರಗಳು. ಆಮೇಲಿನವೆಲ್ಲ ಒಂದೇ ಕೈಬರಹ, ನನ್ನದು. ತಪಾಸಣೆಗೆ ಮುಂಚೆ ಹಾಜರಿ ಪುಸ್ತಕ ನೋಡಿಕೊಂಡು ಹೆಸರುಗಳನ್ನು ತುಂಬಿಸುತ್ತಿದ್ದೆ. ಆ ಹುಡುಗನ ಹೆಸರೂ ಅಲ್ಲಿತ್ತು. ಪುಸ್ತಕ ಒಯ್ದ ದಿನಾಂಕ, ಹಿಂದಿರುಗಿಸಿದ ದಿನಾಂಕ, ಎರಡನ್ನೂ ನಾನೇ ಬರೆದಿದ್ದೆ.