ಒಂದೇ ಸಲ ಎಂದಿದ್ದಿರಿ

ಆ ದಿನ ಬೆಳಿಗ್ಗೆ ಒಂಬತ್ತಾದರೂ ಮೈದಾನದ ಆಚೆ ಬದಿಯ ಗೋಲ್ ಕಂಬ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹುತ್ತರಿ ಮುಗಿದಿತ್ತು, ಗದ್ದೆಗಳಲ್ಲಿ ಕೂಳೆ ಉಳಿದಿತ್ತು, ತೋಟಗಳಲ್ಲಿ ಕಾಫಿ ಕುಯ್ಲು ಬಿರುಸಾಗಿತ್ತು. ಪೊನ್ನಂಪೇಟೆ ತಾಲ್ಲೂಕಿನ ಆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಮೊಣಕಾಲಿನವರೆಗೆ ಇಬ್ಬನಿಯಲ್ಲಿ ನೆನೆದ ಬಟ್ಟೆ, ಕಂಕುಳಲ್ಲಿ ಬಚ್ಚಿಟ್ಟ ಕೈ. ಒಂದು ತೋಟದ ಕಡೆಯ ಐದಾರು ಮಕ್ಕಳು ತಡವಾಗಿ ಬಂದರು. ದಾರಿಯಲ್ಲಿ ಕಾಡಾನೆ ಇತ್ತಂತೆ; ಅದು ಸರಿದು ಹೋಗುವವರೆಗೆ ತೋಟದ ಲೆಕ್ಕ ಬರೆಯುವ ರೈಟರ್ ಮಕ್ಕಳನ್ನು ಬಿಟ್ಟಿರಲಿಲ್ಲ.

ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ನಾನು ಮೂರು ಶಾಲೆಗಳ ಅರವತ್ತು ಮಕ್ಕಳನ್ನು ಆರಿಸಿಕೊಂಡಿದ್ದೆ. ಈ ಶಾಲೆಯಲ್ಲಿ ಇಪ್ಪತ್ತೆಂಟು ಮಂದಿ, ಆರು ಮತ್ತು ಏಳನೆಯ ತರಗತಿಯವರು. ಮಗುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಆ ಮಗು ಎಷ್ಟು ಹೊತ್ತು ಓಡಬಲ್ಲದು, ವರ್ಷದಲ್ಲಿ ಎಷ್ಟು ದಿನ ತರಗತಿಗೆ ಬಂದಿದೆ, ಈ ಮೂರಕ್ಕೂ ನಂಟಿದೆಯೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಾನು ಆರನೆಯ ತರಗತಿಯಲ್ಲಿದ್ದಾಗ ಹಾಕಿ ಆಯ್ಕೆಗೆಂದು ನಮ್ಮ ಶಾಲೆಯಿಂದ ಇಬ್ಬರು ಹೋಗಿದ್ದೆವು. ನನ್ನ ಜೊತೆಗಿದ್ದವಳು ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಯ ಹುಡುಗಿ. ಸ್ಟಿಕ್ ಹಿಡಿದರೆ ಚೆಂಡು ಅವಳಿಗೆ ಅಂಟಿಕೊಂಡೇ ಬರುತ್ತಿತ್ತು. ನನಗಿಂತ ಎಷ್ಟೋ ಮೇಲು. ಆದರೆ ಓಟದಲ್ಲಿ ಅವಳು ಎರಡನೆಯ ಸುತ್ತಿಗೇ ಕುಳಿತುಬಿಟ್ಟಳು. ಆಯ್ಕೆ ಮಾಡಲು ಬಂದವರು ‘ಇವಳಿಗೆ ದಮ್ಮಿಲ್ಲ’ ಎಂದು ಹೆಸರಿನ ಮುಂದೆ ಗೀಟು ಹಾಕಿದರು. ನಾನು ಆಯ್ಕೆಯಾದೆ. ಕೊಡಗಿನಲ್ಲಿ ಹಾಕಿ ಎಂದರೆ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ ಆಡಿದ್ದು 60 ತಂಡಗಳು; 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360. ಅಜ್ಜಿಯೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯುವ ನಾಡು ಇದು. ಇಂಥ ನಾಡಿನಲ್ಲಿ ಒಂದು ಮಗುವಿಗೆ ದಮ್ಮಿಲ್ಲ ಎಂದರೆ ಅದು ಸಣ್ಣ ಮಾತಲ್ಲ. ದಮ್ಮು ಏಕಿಲ್ಲ ಎಂದು ಅವತ್ತು ಯಾರೂ ಕೇಳಲಿಲ್ಲ. ಅದನ್ನು ಕೇಳಲು ನನಗೇ ಹದಿನಾರು ವರ್ಷ ಹಿಡಿಯಿತು.

ಒಪ್ಪಿಗೆ ಪತ್ರಕ್ಕಾಗಿ ಹಿಂದಿನ ಎರಡು ವಾರ ಸಂಜೆ ಲೈನ್ ಮನೆಗಳಿಗೆ ಅಲೆದಿದ್ದೆ. ಕೆಲಸದಿಂದ ಬಂದ ತಾಯಂದಿರ ಬೆರಳುಗಳು ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿರುತ್ತಿದ್ದವು. ಅದರ ಮೇಲೆ ಇಂಕು ಹಚ್ಚಿ ಒತ್ತಿದರೆ ಹೆಬ್ಬೆಟ್ಟಿನ ಗೆರೆ ಮೂಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆರಳನ್ನು ಉಜ್ಜಿ, ಸೋಪಿನಲ್ಲಿ ತೊಳೆದು ಮತ್ತೆ ಒತ್ತಿಸಿದ್ದೂ ಇದೆ. ತಂದೆ ತಾಯಿಯ ಒಪ್ಪಿಗೆಯಷ್ಟೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಹನ್ನೆರಡು ದಾಟಿದರೆ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ನನ್ನ ಹಾಳೆಯಲ್ಲಿ ಮಕ್ಕಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. 07 ಎಂಬ ಸಂಖ್ಯೆಯ ಹುಡುಗಿಗೆ ಹನ್ನೆರಡು ತುಂಬಿತ್ತು. ಸಹಿ ಹಾಕುವ ಮುಂಚೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಸಲ ಚುಚ್ಚುತ್ತೀರಿ?”

“ಒಂದೇ ಸಲ,” ಎಂದಿದ್ದೆ.

ಮೊದಲ ದಿನ ರಕ್ತ, ಮರುದಿನ ಓಟ. ಮುಖ್ಯೋಪಾಧ್ಯಾಯರು ಏಳನೆಯ ತರಗತಿಯ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಆರೋಗ್ಯ ಕೇಂದ್ರದಿಂದ ಬಂದಿದ್ದ ಸಿಸ್ಟರ್ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವರು. ಮಧ್ಯಾಹ್ನ ಒಂದು ಗಂಟೆಗೆ ಅವರು ಮರಳಬೇಕಿತ್ತು. ಸ್ಪಿರಿಟ್ ಹತ್ತಿಯಿಂದ ಬೆರಳನ್ನು ಒರೆಸಿ, ಆರಲು ಬಿಟ್ಟು, ಉಗುರಿನ ಬದಿಗೆ ಲ್ಯಾನ್ಸೆಟ್ ಎಂಬ ಪುಟ್ಟ ಸೂಜಿ ತಾಗಿಸುವುದು. ಮೊದಲ ಹನಿಯನ್ನು ಒರೆಸಿಬಿಡಬೇಕು, ಮುಂದಿನ ಹನಿ ತಾನಾಗಿ ಉಬ್ಬಿ ಬಂದಾಗ ಹಿಮೋಗ್ಲೋಬಿನ್ ಅಳೆಯುವ ಯಂತ್ರದ ಸ್ಟ್ರಿಪ್‌ಗೆ ಮುಟ್ಟಿಸಬೇಕು. ನೋಡಲು ಇಷ್ಟೇ ಕೆಲಸ.

ಹನಿ ಬರಲೇ ಇಲ್ಲ. ಒಂದನೆಯ ಮಗುವಿಗೆ ಸಾಸಿವೆಯಷ್ಟು ಬಂದು ನಿಂತಿತು. ಎರಡನೆಯದಕ್ಕೂ ಹಾಗೆಯೇ. ಸಿಸ್ಟರ್ ಕೈಯನ್ನು ಕೆಳಗೆ ಇಳಿಬಿಡಿಸಿ ಕಾಯುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಮೂರನೆಯ ಮಗುವಿಗೆ ನಾನೇ ಮುಂದೆ ಹೋಗಿ, ಬೆರಳನ್ನು ಬುಡದಿಂದ ತುದಿಗೆ ಹಸುವಿನ ಮೊಲೆ ಹಿಂಡಿದಂತೆ ಒತ್ತಿದೆ. ಹನಿ ಬಂತು. “ಹೀಗೆ ಒತ್ತಬಾರದು ಮೇಡಂ,” ಎಂದರು ಸಿಸ್ಟರ್. “ಹೊತ್ತಾಗುತ್ತದೆ ಸಿಸ್ಟರ್, ಇನ್ನೂ ಇಪ್ಪತ್ತೈದು ಮಕ್ಕಳಿದ್ದಾರೆ,” ಎಂದೆ. ಅವರು ಮತ್ತೆ ಹೇಳಲಿಲ್ಲ.

ಸಂಖ್ಯೆಗಳು ಬರತೊಡಗಿದವು. 10.2, 9.8, 10.5. ಏಳನೆಯವಳದು 9.2. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಡೆಸಿಲೀಟರಿಗೆ 11.5 ಗ್ರಾಂ, ಹನ್ನೆರಡರಿಂದ ಹದಿನಾಲ್ಕರವರಿಗೆ 12 ಗ್ರಾಂ ಇರಬೇಕು. ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ನನ್ನ ಹಾಳೆಯಲ್ಲಿ ಒಂದಾದರೂ ಸಂಖ್ಯೆ ಆ ಗೆರೆ ಮುಟ್ಟಲಿಲ್ಲ. ನನಗೆ ಒಳಗೊಳಗೇ ಹಿಗ್ಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಊಹಿಸಿದ್ದೇ ನಿಜವಾಗುತ್ತಿದೆ, ಪ್ರಬಂಧ ಗಟ್ಟಿಯಾಗುತ್ತಿದೆ ಎಂದುಕೊಂಡೆ. ಎದುರಿಗೆ ಕುಳಿತ ಮಕ್ಕಳ ರಕ್ತ ಕಡಿಮೆಯಿದೆ ಎಂದು ಹಿಗ್ಗಿದ ಆ ಗಳಿಗೆಯನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಹನ್ನೆರಡನೆಯ ಮಗು ಎದ್ದು ಹೋದಮೇಲೆ ಸಿಸ್ಟರ್ ಲ್ಯಾನ್ಸೆಟ್ ಡಬ್ಬಿ ಮುಚ್ಚಿಟ್ಟರು. “ಮೇಡಂ, ಒಮ್ಮೆ ಈ ಮಗುವಿನ ಕೈ ಹಿಡಿದು ನೋಡಿ.” ಹದಿಮೂರನೆಯ ಹುಡುಗನ ಕೈ ಹಿಡಿದೆ. ಹೊಳೆಯಿಂದ ಆಗತಾನೇ ಎತ್ತಿದ ಕಲ್ಲಿನಂತಿತ್ತು. ಉಗುರು ನೀಲಿ. ಅಷ್ಟು ಹೊತ್ತು ಬೆರಳುಗಳನ್ನು ಹಿಂಡಿದ್ದೆ, ಕೈ ತಣ್ಣಗಿದೆ ಎಂಬುದು ನನ್ನ ಮನಸ್ಸಿಗೆ ಬಂದಿರಲಿಲ್ಲ.

ಚಳಿಗೆ ಬೆರಳಿನ ತುದಿಯ ರಕ್ತನಾಳಗಳು ಕುಗ್ಗುತ್ತವೆ. ಆಗ ಬಲವಾಗಿ ಹಿಂಡಿದರೆ ರಕ್ತದ ಜೊತೆಗೆ ಸುತ್ತಲಿನ ಅಂಗಾಂಶದ ನೀರೂ ಬಂದು ಬೆರೆಯುತ್ತದೆ. ಹಾಲಿಗೆ ನೀರು ಬೆರೆತಂತೆ. ಯಂತ್ರ ಅದನ್ನೂ ರಕ್ತವೆಂದೇ ಅಳೆಯುತ್ತದೆ, ಸಂಖ್ಯೆ ಇಳಿಯುತ್ತದೆ. ಇದೆಲ್ಲ ನಾನು ಓದಿದ್ದೆ, ತರಬೇತಿಯಲ್ಲಿ ಕೇಳಿದ್ದೆ, ನನ್ನ ಕಾರ್ಯವಿಧಾನದ ಪುಟದಲ್ಲಿ ನಾನೇ ಟೈಪ್ ಮಾಡಿದ್ದೆ. ಎತ್ತರದ ಲೆಕ್ಕವನ್ನೂ ಬಿಟ್ಟಿರಲಿಲ್ಲ: ಮೇಲಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾಗಿ ದೇಹ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ, ಆದ್ದರಿಂದ ಮಡಿಕೇರಿಯಂತೆ ಸುಮಾರು 1,150 ಮೀಟರ್ ಎತ್ತರದ ಊರಿನಲ್ಲಿ ಅಳೆದ ಸಂಖ್ಯೆಯಿಂದ ಸ್ವಲ್ಪ ಕಳೆಯಬೇಕು ಎಂದು ಅಡಿಟಿಪ್ಪಣಿ ಬರೆದಿಟ್ಟಿದ್ದೆ. ಬೆಟ್ಟದ ಎತ್ತರವನ್ನು ಲೆಕ್ಕಕ್ಕೆ ಹಿಡಿದವಳು ಬೆಟ್ಟದ ಚಳಿಯನ್ನು ಮರೆತಿದ್ದೆ.

ಸಿಸ್ಟರ್ ಹೇಳಿದಂತೆ ಬಿಸಿಯೂಟದ ಅಕ್ಕ ಒಂದು ದೊಡ್ಡ ಪಾತ್ರೆಯಲ್ಲಿ ಬೆಚ್ಚಗಿನ ನೀರು ತಂದಿಟ್ಟರು. ಮಕ್ಕಳು ಮುಂಗೈವರೆಗೆ ಕೈ ಮುಳುಗಿಸಿ ನಿಂತರು. ಐದು ನಿಮಿಷಕ್ಕೆ ಬೆರಳುಗಳು ಕೆಂಪಾದವು. ಚೆನ್ನಾಗಿ ಒರೆಸಿ ಚುಚ್ಚಿದರೆ ಹನಿ ತಾನಾಗಿಯೇ ದುಂಡಗೆ ಉಬ್ಬಿ ನಿಲ್ಲುತ್ತಿತ್ತು, ಹಿಂಡುವ ಮಾತೇ ಇಲ್ಲ. 11.6. 12.3. 11.1. ಮಧ್ಯೆ ಒಂದು 9.9 ಕೂಡ ಬಂತು. ಕಡಿಮೆ ಇರುವವರು ಇದ್ದರು. ಎಲ್ಲರೂ ಕಡಿಮೆ ಇರಲಿಲ್ಲ.

ಮೊದಲ ಹನ್ನೆರಡು ಸಂಖ್ಯೆಗಳ ಮೇಲೆ ಕೆಂಪು ಗೆರೆ ಎಳೆದೆ. ವರಾಂಡಕ್ಕೆ ಹೋಗಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. “ಮತ್ತೆ ಅಳೆಯಬಹುದು, ಆದರೆ ಮಕ್ಕಳನ್ನು ಮತ್ತೆ ಕೇಳಬೇಕು. ಕೊಟ್ಟ ಒಪ್ಪಿಗೆ ಒಂದು ಚುಚ್ಚಿಗೆ ಮಾತ್ರ,” ಎಂದರು. ಮುಖ್ಯೋಪಾಧ್ಯಾಯರು ಹತ್ತಿರದಲ್ಲಿದ್ದ ಪಾಲಕರಿಗೆ ಫೋನ್ ಮಾಡಿದರು. ತೋಟದಲ್ಲಿದ್ದವರಿಗೆ ರೈಟರ್ ಮೂಲಕ ಹೇಳಿಕಳುಹಿಸಿದರು. ನಾನು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು, ತಪ್ಪು ನನ್ನದು, ನಿಮ್ಮ ಬೆರಳನ್ನು ನಾನು ಹಿಂಡಬಾರದಿತ್ತು ಎಂದು ಹೇಳಿದೆ. ಹನ್ನೊಂದು ಮಕ್ಕಳು ಸುಮ್ಮನೆ ಕೈ ನೀಡಿದರು. ಏಳನೆಯವಳು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು.

“ಬೇಡ ಟೀಚರ್. ಒಂದೇ ಸಲ ಎಂದಿದ್ದಿರಿ.”

ತರಗತಿಯ ಶಿಕ್ಷಕಿ, “ಪಾಪ, ಟೀಚರ್ ಅಷ್ಟು ದೂರದಿಂದ ಬಂದಿದ್ದಾರೆ, ಕೊಡಮ್ಮ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಬೇಡ ಎಂದವಳನ್ನು ಹಾಗೆ ಒಪ್ಪಿಸಿದರೆ ಎರಡು ವಾರ ಲೈನ್ ಮನೆಗಳಿಗೆ ಅಲೆದು ಹೆಬ್ಬೆಟ್ಟು ಒತ್ತಿಸಿದ್ದಕ್ಕೆ ಏನು ಅರ್ಥ? ಅವಳು ಬೇಡ ಎಂದಿದ್ದಾಳೆ, ಇರಲಿ ಎಂದೆ. ಉಳಿದ ಹನ್ನೊಂದು ಮಕ್ಕಳಲ್ಲಿ ಏಳು ಮಂದಿಯ ಸಂಖ್ಯೆ ಮೇಲೇರಿತು, ಮೂವರದು ಹೆಚ್ಚುಕಡಿಮೆ ಅಷ್ಟೇ ಇತ್ತು, ಒಬ್ಬನದು ಇಳಿಯಿತು. 07ರ ಮುಂದೆ ಕೆಂಪು ಗೆರೆ ಎಳೆದ 9.2 ಮಾತ್ರ ಉಳಿಯಿತು.

ಪ್ರಬಂಧಕ್ಕೆ ಅದು ಖಾಲಿ ಜಾಗ. ಆದರೆ ಅವಳಿಗೆ? ಆ ಸಂಖ್ಯೆಯನ್ನು ನಂಬುವಂತಿಲ್ಲ, ಅಲ್ಲಗಳೆಯುವಂತೆಯೂ ಇಲ್ಲ. ಸಂಜೆ ಸಿಸ್ಟರ್ ಮತ್ತು ಆ ಊರಿನ ಆಶಾ ಕಾರ್ಯಕರ್ತೆಯ ಜೊತೆ ಅವಳ ಮನೆಗೆ ಹೋದೆ. ತಾಯಿ ಒಲೆಯ ಮುಂದೆ ಬೆಲ್ಲದ ಕರಿ ಕಾಫಿ ಕಾಯಿಸುತ್ತಿದ್ದರು. ನನ್ನ ಅಳತೆ ಸರಿಯಿರಲಿಲ್ಲ, ಒಮ್ಮೆ ಆರೋಗ್ಯ ಕೇಂದ್ರದಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿ ಎಂದು ಹೇಳಿದೆ. “ಕೂಲಿ ತಪ್ಪುತ್ತದೆ ಅಕ್ಕಾ,” ಎಂದರು ಅವರು. ಆಶಾ ಕಾರ್ಯಕರ್ತೆ ತಾನೇ ಮಗುವನ್ನು ಕರೆದುಕೊಂಡು ಹೋಗುವುದಾಗಿ ಒಪ್ಪಿಕೊಂಡರು. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಅಲ್ಲಿ ಚುಚ್ಚಿದರೆ ನನಗೆ ಔಷಧಿ ಕೊಡುತ್ತಾರೆಯೇ?” ಎಂದಳು. ಕೊಡುತ್ತಾರೆ ಎಂದರು ಸಿಸ್ಟರ್. “ಹಾಗಾದರೆ ಹೋಗುತ್ತೇನೆ.”

ನನ್ನ ಸೂಜಿಗೂ ಅವರ ಸೂಜಿಗೂ ಇರುವ ವ್ಯತ್ಯಾಸವನ್ನು ಅಷ್ಟು ಸ್ಪಷ್ಟವಾಗಿ ನನಗೆ ಯಾವ ಉಪನ್ಯಾಸವೂ ತಿಳಿಸಿರಲಿಲ್ಲ.

ಮಾತಿನ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ನುಂಗಿದರೆ ಹೊಟ್ಟೆ ತೊಳೆಸುತ್ತದೆ ಎಂದು ಹುಡುಗಿ ಅದನ್ನು ಮನೆಗೆ ತಂದು, ಸಂಜೆ ಕಾಫಿಯ ಜೊತೆ ನುಂಗುತ್ತಿದ್ದಳು. ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಪೂರ್ತಿ ಸೇರಲು ಬಿಡುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು ತಗ್ಗಿಸಿತ್ತು. ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದಾಗ ತಗ್ಗಿರಲಿಲ್ಲ. ಕಾಫಿ ಬಿಡಿ ಎಂದು ಕೊಡಗಿನಲ್ಲಿ ಯಾರಿಗೂ ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ಮಾತ್ರೆಯನ್ನು ಊಟವಾದ ಮೇಲೆ ನೀರಿನಲ್ಲಿ ನುಂಗಿ, ಕಾಫಿಗೆ ಒಂದೆರಡು ಗಂಟೆ ಬಿಡುವು ಕೊಟ್ಟರೆ ಆಯಿತು. ಜೊತೆಗೆ ಒಂದು ನೆಲ್ಲಿಕಾಯಿ ತಿಂದರೆ ಇನ್ನೂ ಒಳ್ಳೆಯದು. ಸಿಸ್ಟರ್ ಅದನ್ನೇ ಹೇಳಿದರು.

ಮರುದಿನ ಸುಣ್ಣದ ಪುಡಿಯಲ್ಲಿ ಇಪ್ಪತ್ತು ಮೀಟರ್ ಅಂತರಕ್ಕೆ ಎರಡು ಗೆರೆ ಎಳೆದೆವು. ಕೆನಡಾದ ಲ್ಯೂಕ್ ಲೇಜೆ 1980ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷೆ ಅದು. ಬೀಪ್ ಸದ್ದಿಗೆ ಸರಿಯಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ ಓಡಬೇಕು. ವೇಗ ಗಂಟೆಗೆ 8.5 ಕಿ.ಮೀ.ನಿಂದ ಆರಂಭವಾಗಿ ಪ್ರತಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತದೆ; ಆ ಒಂದೊಂದು ನಿಮಿಷವೂ ಒಂದು ಹಂತ. ಮಗು ತನ್ನ ಶಕ್ತಿಯ ಕೊನೆ ಮುಟ್ಟುವವರೆಗೆ ಓಡುವ ಪರೀಕ್ಷೆಯಾದ್ದರಿಂದ ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಇರುವವರನ್ನು ಓಡಿಸಬಾರದು ಎಂದು ಮೊದಲೇ ನಿರ್ಧರಿಸಿದ್ದೆವು. ನಮ್ಮ ಬುಡಕಟ್ಟು ಸಮುದಾಯಗಳಲ್ಲಿ ಆ ಕಾಯಿಲೆ ಇದೆ. ಭಾರತದಲ್ಲಿ ಅದು ಮೊದಲು ಗುರುತಾದದ್ದೇ 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ.

ಏಳನೆಯವಳು ಅಕ್ಕನ ಕ್ಯಾನ್ವಾಸ್ ಶೂ ಹಾಕಿಕೊಂಡು, ತುದಿಗೆ ಬಟ್ಟೆ ತುರುಕಿಕೊಂಡು ಗೆರೆಯ ಮೇಲೆ ಬಂದು ನಿಂತಿದ್ದಳು. ಸರಿಯಾದ ಪರೀಕ್ಷೆ ಆಗುವವರೆಗೆ ನಿನ್ನನ್ನು ಓಡಿಸುವುದಿಲ್ಲ ಎಂದಾಗ ಅವಳ ಮುಖ ನೋಡಲಾಗಲಿಲ್ಲ. “ಚುಚ್ಚಿಸಿಕೊಳ್ಳಲಿಲ್ಲ ಎಂದು ಹೀಗೆ ಮಾಡುತ್ತಿದ್ದೀರಾ?” ಎಂದಳು. ಅಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬಿದಳೆಂದು ನನಗೆ ಅನ್ನಿಸಲಿಲ್ಲ. ಹಾಳೆಯನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟು ಸುತ್ತು ಎಣಿಸಲು ಹೇಳಿದೆ. ಇಡೀ ಬೆಳಿಗ್ಗೆ ಎಣಿಸಿದಳು. ನನ್ನ ಎಣಿಕೆಯ ಜೊತೆ ತಾಳೆ ನೋಡಿದರೆ ಒಂದೂ ತಪ್ಪಿರಲಿಲ್ಲ.

ಫೆಬ್ರವರಿಯಲ್ಲಿ ಪ್ರತಿ ಮಗುವಿನ ಫಲಿತಾಂಶದ ಚೀಟಿ ಕೊಡಲು ಮತ್ತೆ ಆ ಶಾಲೆಗೆ ಹೋದೆ. ಆರೋಗ್ಯ ಕೇಂದ್ರದಲ್ಲಿ ಅವಳ ಹಿಮೋಗ್ಲೋಬಿನ್ 10.6 ಬಂದಿತ್ತು, ಸಿಕಲ್ ಸೆಲ್ ಇರಲಿಲ್ಲ. ಜಂತುಹುಳದ ಮಾತ್ರೆ ಕೊಟ್ಟಿದ್ದರು. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವ ಮಕ್ಕಳಿಗೆ ಪಾದದ ಚರ್ಮದ ಮೂಲಕವೇ ಕೊಕ್ಕೆಹುಳು ಒಳಗೆ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆಯೂ ನಡೆದಿತ್ತು. ವೈದ್ಯರು ಓಡಬಹುದು ಎಂದಿದ್ದರು.

ಅವಳು ನನ್ನ ಚೀಲದಲ್ಲಿ ಸ್ಪೀಕರ್ ಇದೆಯೇ ಎಂದು ಮೊದಲು ನೋಡಿದಳು. ಇತ್ತು. ಮಾಹಿತಿ ಸಂಗ್ರಹ ಮುಗಿದಿತ್ತು. ಒಬ್ಬಳೇ ಓಡಿದ ಓಟವನ್ನು ಗುಂಪಿನಲ್ಲಿ ಓಡಿದವರ ಜೊತೆ ಹೋಲಿಸುವಂತಿಲ್ಲ, ಅದು ಪ್ರಬಂಧಕ್ಕೆ ಸೇರುವಂತೆಯೂ ಇಲ್ಲ. ಆದರೂ ಮುಖ್ಯೋಪಾಧ್ಯಾಯರಿಂದ ಸುಣ್ಣದ ಪುಡಿ ಕೇಳಿ ಗೆರೆ ಎಳೆದೆ. ಮಕ್ಕಳೆಲ್ಲ ಮೈದಾನದ ಅಂಚಿಗೆ ಬಂದು ನಿಂತರು. ಮೈದಾನ ಒಣಗಿತ್ತು, ಆಚೆಯ ಗೋಲ್ ಕಂಬ ನಿಚ್ಚಳವಾಗಿ ಕಾಣುತ್ತಿತ್ತು. ನಾಲ್ಕನೆಯ ಹಂತದವರೆಗೆ ಅವಳು ನಗುತ್ತಲೇ ಓಡಿದಳು. ಐದರಲ್ಲಿ ನಗು ನಿಂತಿತು. ಆರರಲ್ಲಿ ಗೆರೆ ಮುಟ್ಟುವ ಮೊದಲೇ ಬೀಪ್ ಕೇಳತೊಡಗಿತು, ಶೂ ಸಡಿಲವಾಗಿ ಕಾಲಿನಿಂದ ಜಾರುತ್ತಿತ್ತು, ಅಂಚಿನಲ್ಲಿ ನಿಂತ ಮಕ್ಕಳು ಕೂಗುತ್ತಿದ್ದರು. ಎರಡು ಸಲ ಗೆರೆ ತಪ್ಪಿದ ಮೇಲೆ ನಿಲ್ಲಿಸಿದೆ.

ಮಂಡಿಯ ಮೇಲೆ ಕೈಯೂರಿ, ಏದುಸಿರಿನ ನಡುವೆಯೇ ತಲೆಯೆತ್ತಿ ಕೇಳಿದಳು: “ಬರೆದುಕೊಂಡಿರಾ ಟೀಚರ್?”

ಡೈರಿ ತೆಗೆದು, ಅವಳಿಗೆ ಕಾಣುವಂತೆ ಹಿಡಿದು, ಬರೆದೆ. ಹಂತ 6, ಸುತ್ತು 4.